ಗಿಣ್ಣದ ಪಾಲು

ನಮ್ಮ ಕೊಟ್ಟಿಗೆಯ ಆಕಳುಗಳು ಮನುಷ್ಯರ ಕ್ಯಾನ್ಸರನ್ನು ಗುರುತು ಹಿಡಿಯುತ್ತಿದ್ದವು. ಹೀಗೆಂದರೆ ನನ್ನ ಅಕ್ಕ ಇವತ್ತಿಗೂ ನಗುತ್ತಾಳೆ, ಮೂಸಿ ನೋಡಿ ಹೇಳುತ್ತವೆಯೇ ಎಂದು ಕೇಳುತ್ತಾಳೆ. ಮೂಸುವುದಿಲ್ಲ. ಗುರುತು ಹಿಡಿಯುವುದು ಅವುಗಳ ರಕ್ತ.

ಹೊರಗಿನ ವಸ್ತುವೊಂದು ಮೈ ಹೊಕ್ಕರೆ ಅದಕ್ಕೆ ಸರಿಯಾಗಿ ಅಂಟಿಕೊಳ್ಳುವ ಒಂದು ಪ್ರೋಟೀನನ್ನು ದೇಹ ತಯಾರಿಸುತ್ತದೆ. ಅದೇ ಪ್ರತಿಕಾಯ. ಧಾರವಾಡದ ಹೊರಗಿನ ನಮ್ಮ ಸಂಸ್ಥೆಯಲ್ಲಿ ಆಕಳಿನ ಪ್ರತಿಕಾಯದ ಜೀನುಗಳನ್ನು ಭ್ರೂಣದಲ್ಲೇ ತೆಗೆದು, ಮನುಷ್ಯನವನ್ನು ಕೂರಿಸಿದ್ದರು. ಆ ಕರು ಬೆಳೆದ ಮೇಲೆ ಅಂಡಾಶಯದ ಕ್ಯಾನ್ಸರ್ ಕೋಶದ ಮೈಮೇಲಿರುವ ಒಂದು ಪ್ರೋಟೀನನ್ನು ಅದಕ್ಕೆ ಚುಚ್ಚುತ್ತಿದ್ದೆವು. ಆಕಳು ಅದರ ವಿರುದ್ಧ ಮನುಷ್ಯ ಪ್ರತಿಕಾಯವನ್ನು ಧಾರಾಳವಾಗಿ ತಯಾರಿಸುತ್ತಿತ್ತು. ಅದನ್ನು ರಕ್ತದಿಂದ ಸೋಸಿ ರೋಗಿಯ ನರಕ್ಕೆ ಹರಿಸಿದರೆ ಅದು ಹೋಗಿ ಗಡ್ಡೆಗೆ ಅಂಟಿಕೊಂಡು, ರೋಗಿಯದೇ ಕಾವಲಿನ ಕೋಶಗಳನ್ನು ಅಲ್ಲಿಗೆ ಕರೆಯುತ್ತದೆ. ಕಾರ್ಖಾನೆಯ ದೊಡ್ಡ ಹಂಡೆಗಳಲ್ಲಿ ಇಂಥ ಔಷಧ ಮಾಡುವುದು ಉಳ್ಳವರ ಬಾಬತ್ತು. ಆಕಳಾದರೆ ಹುಲ್ಲು ತಿಂದು ಮಾಡಿಕೊಡುತ್ತದೆ.

ಒಂದೇ ಒಂದು ರಾಜಿ ಮಾಡಿಕೊಂಡಿದ್ದೆವು. ಪ್ರತಿಕಾಯದ ಬಾಲದಲ್ಲಿ ಚಿಕ್ಕದೊಂದು ತುಂಡು ಆಕಳಿನದೇ ಉಳಿದಿತ್ತು. ಅದನ್ನೂ ತೆಗೆದರೆ ಆಕಳಿನ ಮೈ ಪ್ರತಿಕಾಯ ತಯಾರಿಸುವುದನ್ನೇ ನಿಲ್ಲಿಸುತ್ತಿತ್ತು. ಮನುಷ್ಯನ ತುಂಡಿಗೂ ಆಕಳಿನ ತುಂಡಿಗೂ ನಡುವೆ ಒಂದು ಬೆಸುಗೆಯ ಜಾಗ ಇತ್ತು. ಲೋಕದ ಬೇರಾವ ಪ್ರಾಣಿಯಲ್ಲೂ ಅಂಥ ಬೆಸುಗೆ ಇಲ್ಲ. ನಮ್ಮ ಪೀಕಲಾಟವೆಲ್ಲ ಶುರುವಾದದ್ದು ಅಲ್ಲಿಂದ.

ಔಷಧದ ಮೊದಲ ಸುತ್ತು ಎಲ್ಲರಿಗೂ ಒಗ್ಗುತ್ತಿತ್ತು. ಎರಡನೆಯದರಲ್ಲಿ ಗಡ್ಡೆ ಕರಗಲು ತೊಡಗುತ್ತಿತ್ತು, ನಾವು ಹಿಗ್ಗುತ್ತಿದ್ದೆವು. ಮೂರು ನಾಲ್ಕನೆಯ ಸುತ್ತಿಗೆ ಬರುವಷ್ಟರಲ್ಲಿ ರೋಗಿಯ ಮೈ ಆ ಬೆಸುಗೆಯನ್ನು ಪತ್ತೆ ಹಚ್ಚಿ, ಇದು ನಮ್ಮದಲ್ಲ ಎಂದು ಔಷಧದ ಮೇಲೇ ಬೀಳುತ್ತಿತ್ತು. ಔಷಧ ಗಡ್ಡೆಯನ್ನು ಮುಟ್ಟುವ ಮೊದಲೇ ರಕ್ತದಲ್ಲಿ ನಾಶವಾಗುತ್ತಿತ್ತು. ಒಬ್ಬರಾದ ಮೇಲೆ ಒಬ್ಬರಿಗೆ ಹೀಗೇ ಆಯಿತು. ಮೈ ಒಲ್ಲೆ ಎಂದಮೇಲೆ ಮುಗಿಯಿತು, ಪುಸಲಾಯಿಸಲು ಬರುವುದಿಲ್ಲ.

ನಾನು ಗಂಗಾ ಹುಲಕೋಟಿ. ಆ ಪ್ರಯೋಗದಲ್ಲಿ ರಕ್ತಪರೀಕ್ಷೆಯ ವಿಭಾಗ ನನ್ನದು. ಮಾತು ಒರಟು ಎಂದು ಹೆಸರು ಪಡೆದವಳು, ಹೆಸರು ಸುಳ್ಳಲ್ಲ.

ನಮ್ಮ ನಿರ್ದೇಶಕರು ಡಾಕ್ಟರ್ ಪ್ರಹ್ಲಾದ ಕಟ್ಟಿ. ಅವರು ನನ್ನನ್ನು ಕರೆದು ಹೇಳಿದರು: "ಸೋಮವಾರ ಸಮಿತಿ ಕೂಡತದ, ಗಂಗಾ. ಪ್ರಯೋಗ ಮುಚ್ಚೋಣ ಅಂತ ನಾನ ಹೇಳಾಂವ ಇದ್ದೀನಿ. ಸುಮ್ನ ಮಂದೀಗೆ ಆಶಾ ತೋರ್ಸೂದು ಪಾಪದ ಕೆಲಸ."

"ಮಹಾನಂದಾ ಕಮ್ಮಾರ?" ಎಂದೆ.

"ಒಬ್ಬಾಕಿ. ಒಬ್ಬಾಕಿಯಿಂದ ಔಷಧ ಆಗ್ತದೇನು? ಆಕಿದು ದೈವ."

ದೈವ ಎಂಬ ಮಾತನ್ನು ನಾನು ಮನೆಯಲ್ಲಿ ಕೇಳಬಲ್ಲೆ, ಪ್ರಯೋಗಾಲಯದಲ್ಲಿ ಕೇಳಲಾರೆ. ಮಹಾನಂದಾಳ ಮೈ ಮಾತ್ರ ಔಷಧದ ಮೇಲೆ ಬೀಳುತ್ತಿರಲಿಲ್ಲ. ಸುತ್ತಿನ ಮೇಲೆ ಸುತ್ತು ಕೊಟ್ಟರೂ ಆಕೆಯ ರಕ್ತ ತಣ್ಣಗಿತ್ತು, ಗಡ್ಡೆ ಅಡಿಕೆಯಷ್ಟಕ್ಕೆ ಇಳಿದಿತ್ತು. ಬಿಡಿಸಿ ನೋಡಿದಾಗ ಇನ್ನೂ ವಿಚಿತ್ರ ಕಂಡಿತು. ಆಕೆಯ ರಕ್ತದಲ್ಲಿ ಆ ಬೆಸುಗೆಯನ್ನು ಬಲ್ಲ ಕೋಶಗಳಿದ್ದವು, ಆದರೆ ಅವು ಜಗಳದ ಕೋಶಗಳಲ್ಲ. ಜಗಳ ಬಿಡಿಸುವ ಜಾತಿಯವು. ಹೊಡೆಯಲು ಬಂದವರನ್ನು ಅವು ಹಿಡಿದು ನಿಲ್ಲಿಸುತ್ತಿದ್ದವು. ಔಷಧ ಶುರುವಾಗುವ ಮುನ್ನ ತೆಗೆದಿಟ್ಟ ರಕ್ತವನ್ನು ಫ್ರೀಜರಿನಿಂದ ತೆಗೆಸಿ ನೋಡಿದೆ. ಅದರಲ್ಲೂ ಇದ್ದವು! ಲೋಕದಲ್ಲೇ ಇಲ್ಲದ ಪ್ರೋಟೀನಿನ ಪರಿಚಯ ಈ ಹೆಂಗಸಿಗೆ ಮೊದಲೇ ಆದದ್ದು ಹೇಗೆ?

ಆಸ್ಪತ್ರೆಯಲ್ಲಿ ಕೇಳಿದ ಪ್ರಶ್ನೆಗೆ ಆಸ್ಪತ್ರೆಯ ಉತ್ತರವೇ ಸಿಗುತ್ತದೆ. ಹಾಗಾಗಿ ಆಕೆಯ ಮನೆಗೇ ಹೋದೆ.

ಸಂಸ್ಥೆಯ ಆಸ್ಪತ್ರೆಯ ಹಿಂಬದಿಯ ಓಣಿಯಲ್ಲಿ ಆಕೆಯ ಮನೆ. ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವುದು ಆಕೆಯ ಕಸುಬು. ಗಂಡ ಮೌನೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾನು ಹೋದಾಗ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹಿಂದಿನ ವರ್ಷ ಇದೇ ಹೆಂಗಸನ್ನು ಸ್ಟ್ರೆಚರ್ ಮೇಲೆ ತಂದಿದ್ದರು.

"ಬರ್ರಿ ಬಾಯಾರ, ಕುಂದರ್ರಿ. ಕೈ ಹಿಟ್ಟಾಗ ಐತಿ, ತಪ್ಪ ತಿಳೀಬ್ಯಾಡ್ರಿ."

ಏನು ಉಣ್ಣುತ್ತೀರಿ, ಏನು ಕುಡಿಯುತ್ತೀರಿ, ಯಾರಾದರೂ ಬೇರು ನಾರು ಕೊಟ್ಟಿದ್ದಾರೆಯೇ ಎಂದು ಕೇಳುತ್ತಾ ಹೋದೆ.

"ಎಲ್ಲಾರೂ ಉಣ್ಣೂದನ್ನ ಉಣ್ತೀನ್ರಿ. ರೊಟ್ಟಿ, ಪಲ್ಯಾ, ಮೊಸರು. ಖಾರ ಬ್ಯಾಡಂದಿರಿ, ಖಾರ ಬಿಟ್ಟೀನಿ."

ಆಕೆಯ ಬೆನ್ನ ಹಿಂದೆಯೇ ಕೆಂಪು ಚಟ್ನಿಯ ಡಬ್ಬಿ ಕಾಣುತ್ತಿತ್ತು. ನಾನು ಕಂಡೂ ಕಾಣದಂತಿದ್ದೆ.

ಆಗ ಪಕ್ಕದ ಮನೆಯ ದ್ಯಾಮವ್ವ ಸ್ಟೀಲಿನ ಡಬ್ಬಿ ಹಿಡಿದು ಒಳಗೆ ಬಂದಳು. "ಮಹಾನಂದಾ, ಗಿಣ್ಣ ತಂದೀನಿ ತಗೋವಾ. ಬಿಸಿ ಐತಿ." ನನ್ನನ್ನು ನೋಡಿ, "ಪಾವಣ್ಯಾರೂ ಬಂದಾರ, ಚಲೋನ ಆತು. ಅವರಿಗೂ ಕೊಡು," ಎಂದಳು.

ಗಿಣ್ಣ ಬೇಡ ಎನ್ನುವ ಮನುಷ್ಯರು ನಮ್ಮ ಕಡೆ ಹುಟ್ಟಿಲ್ಲ. ಆಕಳು ಈದ ಮೇಲೆ ಬರುವ ಮೊದಲ ಹಾಲನ್ನು ಬೆಲ್ಲ, ಯಾಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣ. ಅದನ್ನು ಮಾರುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ, ಒಬ್ಬರೇ ತಿನ್ನುವ ಹಾಗೂ ಇಲ್ಲ. ಓಣಿಗೆಲ್ಲ ಹಂಚಬೇಕು, ಇಲ್ಲದಿದ್ದರೆ ಆಕಳಿನ ಕೆಚ್ಚಲು ಬತ್ತುತ್ತದೆ ಎನ್ನುತ್ತಾರೆ. ನಾನು ಎರಡು ತುಂಡು ತಿಂದೆ. ಚೆನ್ನಾಗಿತ್ತು, ಮೂರನೆಯದನ್ನೂ ತಗೊಂಡೆ.

"ಛಲೋ ಆಗೇತಿ. ಮನ್ಯಾಗ ಆಕಳ ಕಟ್ಟೀರೇನು?" ಎಂದು ಸೌಜನ್ಯಕ್ಕೆ ಕೇಳಿದೆ.

"ನಮಗ ಕಾಲ ಚಾಚಾಕ ಜಾಗಾ ಇಲ್ಲ, ಆಕಳ ಎಲ್ಲಿ ಕಟ್ಟೂದ್ರಿ? ನಮ್ಮವರು ಈ ಆಸ್ಪತ್ರಿ ಹಿಂದಿನ ದೊಡ್ಡ ಕೊಟಗಿಯೊಳಗ ಕೆಲಸಾ ಮಾಡ್ತಾರಲ್ರಿ, ಅಲ್ಲೀದು. ನಿನ್ನಿ ಗಂಗೀ ಈದೈತಿ. ಕರಾ ಕುಡದು ಉಳದದ್ದನ್ನ ಮೋರಿಗಿ ಸುರೀರಿ ಅಂತಾರಂತ ಸಾಹೇಬ್ರು. ಮೊದಲ ಹಾಲು ಮೋರಿಗಿ ಸುರೀತಾರೇನ್ರಿ ಯಾರರೆ? ಕಲ್ತವರಿಗೆ ಇಷ್ಟೂ ತಿಳಿಯಂಗಿಲ್ಲಂದ್ರ!"

ಅರ್ಧ ತಿಂದಿದ್ದ ಮೂರನೆಯ ತುಂಡನ್ನು ತಟ್ಟೆಗೆ ಇಟ್ಟುಬಿಟ್ಟೆ. ನಮ್ಮ ಕೊಟ್ಟಿಗೆಯಲ್ಲಿ ಆಕಳು ನೋಡಿಕೊಳ್ಳುವ ಈರಪ್ಪನೇ ಇವಳ ಗಂಡ. ನಮ್ಮ ಆಕಳುಗಳಿಗೆ ನಾವು ಸಂಖ್ಯೆ ಕೊಟ್ಟಿದ್ದೆವು, ಅವನು ಹೆಸರಿಟ್ಟಿದ್ದ. ಒಂದಕ್ಕೆ ನನ್ನ ಹೆಸರನ್ನೇ ಇಟ್ಟಿದ್ದಾನೆ ಎಂಬುದೂ ಆಗಲೇ ತಿಳಿದದ್ದು. ಆ ಆಕಳುಗಳ ಹಾಲಿನ ಒಂದು ಹನಿಯೂ ಹೊರಗೆ ಹೋಗಬಾರದು ಎಂಬುದು ಪ್ರಯೋಗದ ಮೊದಲ ನಿಯಮ.

"ಎಷ್ಟ ದಿನದಿಂದ ಹಿಂಗ ಹಂಚಾಕತ್ತೀರಿ?"

"ಕೊಟಗಿ ಆದಾಗಿಂದ. ಒಂದಿಲ್ಲೊಂದು ಈಯತಿರತಾವಲ್ರಿ."

ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು. ಇಡೀ ಓಣಿಗೆ ಪ್ರಯೋಗದ ವಸ್ತು ಉಣ್ಣಿಸಿದ್ದೇವೆ. ಅದಾದ ಮೇಲೆ ವಿಷಯ ಹೊಳೆಯಿತು. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುತ್ತಿದ್ದೆ ನಾನು. ಪ್ರತಿಕಾಯ ಅತಿ ಹೆಚ್ಚು ಇರುವುದು ಯಾವುದರಲ್ಲಿ? ಕರುವಿಗಾಗಿ ಆಕಳು ಕೂಡಿಡುವ ಮೊದಲ ಹಾಲಿನಲ್ಲಿ.

ದ್ಯಾಮವ್ವ ಹೋದ ಮೇಲೆ ಮಹಾನಂದಾಳಿಗೆ ತಿಳಿಯುವಂತೆ ಹೇಳಿದೆ. ಬಾಯಿಂದ ಒಳಗೆ ಬಂದದ್ದನ್ನು ಮೈ ನೆಂಟ ಎಂದುಕೊಳ್ಳುತ್ತದೆ. ಚರ್ಮ ತೂರಿ ಬಂದದ್ದನ್ನು ಕಳ್ಳ ಎನ್ನುತ್ತದೆ. ದಿನಾ ಉಣ್ಣುವ ಅನ್ನದ ಮೇಲೆ ರಕ್ತ ಯುದ್ಧ ಹೂಡಿದರೆ ನಾವು ಬದುಕುವ ಹಾಗಿಲ್ಲ, ಅದಕ್ಕೇ ಕರುಳು ರಕ್ತಕ್ಕೆ ಈ ಪಾಠ ಹೇಳಿಕೊಡುತ್ತದೆ. ಬೇಯಿಸಿದರೆ ಪ್ರತಿಕಾಯದ ಆಕಾರ ಕೆಡುತ್ತದೆ, ಆದರೆ ಕರುಳಿಗೆ ಆಕಾರ ಬೇಕಿಲ್ಲ, ಅದು ತುಂಡು ತುಂಡಾಗಿಯೇ ಓದಿಕೊಳ್ಳುತ್ತದೆ. ಔಷಧ ಶುರುವಾಗುವ ಮೊದಲೇ ನೀವು ಗಿಣ್ಣ ತಿಂದಿದ್ದಿರಿ, ಹಾಗಾಗಿ ನಿಮ್ಮ ಮೈಗೆ ಆ ಬೆಸುಗೆಯ ಗುರುತು ಸಿಕ್ಕಿತು. ಉಳಿದವರ ಮೈಗೆ ಕಳ್ಳತನವೇ ಮೊದಲ ಪರಿಚಯ. ಒಮ್ಮೆ ಕಳ್ಳ ಅನ್ನಿಸಿಕೊಂಡ ಮೇಲೆ ಗಿಣ್ಣ ತಿನ್ನಿಸಿದರೂ ಉಪಯೋಗವಿಲ್ಲ, ಅಪಾಯವೇ ಹೆಚ್ಚು.

ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದಳು: "ಜುಬೇದಾಗ ಇನ್ನೂ ಔಷಧ ಚಾಲೂ ಆಗಿಲ್ಲಲ್ರಿ?"

ಜುಬೇದಾ ನದಾಫ ಹುಬ್ಬಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ, ಚಿಕ್ಕ ವಯಸ್ಸು. ಮುಂದಿನ ತಂಡದಲ್ಲಿ ಸೇರಬೇಕಿದ್ದವಳು. ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತ ಕಾಯುತ್ತ ಇಬ್ಬರಿಗೂ ಗೆಳೆತನ ಬೆಳೆದಿತ್ತು. ರೊಟ್ಟಿ ಗಂಟು ಕಟ್ಟಿಕೊಂಡು ಬಂದು ಇಬ್ಬರೂ ಅಲ್ಲೇ ಕೂತು ತಿನ್ನುತ್ತಿದ್ದರು, ನರ್ಸ್ ಬೈದರೆ ನಗುತ್ತಿದ್ದರು.

"ಇಲ್ಲ," ಎಂದೆ.

"ಹಂಗಾರ ಆಕಿಗೆ ಮೊದಲ ಗಿಣ್ಣ ತಿನಿಸಿ, ಆಮ್ಯಾಲ ಔಷಧ ಕೊಟ್ರ?"

"ನನ್ನ ಲೆಕ್ಕ ಸರಿ ಇದ್ದರ ಹತ್ತತೈತಿ. ಆದರ ಸೋಮವಾರ ಪ್ರಯೋಗಾನ ಮುಚ್ಚತಾರ. ಮುಚ್ಚಬಾರದಂದ್ರ ನಿಮ್ಮ ವಿಷಯ ಹೇಳಬೇಕು."

ಅಷ್ಟರಲ್ಲಿ ಮೌನೇಶ ಬಂದು ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. "ಹೇಳಿದ್ರ ಇಕೀಗೆ ಏನ ಮಾಡ್ತಾರ?" ಎಂದ.

ಸುಳ್ಳು ಹೇಳಬಹುದಿತ್ತು, ಬರಲಿಲ್ಲ. ಪ್ರಯೋಗದ ವಸ್ತುವನ್ನು ಬೇರೆ ದಾರಿಯಿಂದ ತಗೊಂಡವರನ್ನು ತಂಡದಿಂದ ತೆಗೆಯಬೇಕೆಂಬ ನಿಯಮವಿತ್ತು. ಅವರಿಗೆ ಏನಾಗುತ್ತದೋ ಗೊತ್ತಿಲ್ಲ ಎಂಬುದು ಅದರ ಹಿಂದಿನ ಕಾಳಜಿ. "ಔಷಧ ನಿಲ್ಲಸ್ತಾರ," ಎಂದೆ.

"ಹೇಳಲಿಲ್ಲಂದ್ರ?"

"ಹೊಸಬರಿಗೆ ಬಂದ್ ಆಗ್ತತಿ. ಒಳಗಿದ್ದು ಗುಣ ಆಗ್ತಿರೋರಿಗೆ ದಾಸ್ತಾನ ಮುಗಿಯೂತನಕ ಕೊಡ್ತಾರ. ಇವರಿಗೆ ಸಾಕಾಗೂವಷ್ಟು ಐತಿ."

ಅವನು ನನ್ನ ಎದುರು ಕುಕ್ಕರಗಾಲಲ್ಲಿ ಕೂತ. ಕೈಯ ಗ್ರೀಸು ಇನ್ನೂ ಹೋಗಿರಲಿಲ್ಲ. "ಬಾಯಾರ, ನಿಮ್ಮ ಕಾಲ ಬೀಳ್ತೀನಿ. ಈ ಗಿಣ್ಣದ ಮಾತ ಇಲ್ಲೇ ಮುಚ್ಚಿ ಬಿಡ್ರಿ. ನೀವೂ ಗಿಣ್ಣ ತಿಂದೀರಿ, ನಾವೂ ತಿಂದೀವಿ, ಯಾರಿಗೂ ಏನೂ ಆಗಿಲ್ಲ."

"ಜುಬೇದಾ?" ಎಂದಳು ಮಹಾನಂದಾ.

"ಜುಬೇದಾ ಯಾರ ನಿನಗ? ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ಲ, ಹಂಗಾತು ನಿಂದು!" ಎಂದು ಕೂಗಿದ. ಕೂಗಿದವನೇ ಅತ್ತ. ನಾನು ಎದ್ದು ಬಂದೆ.

ಸೋಮವಾರದವರೆಗಿನ ಎರಡು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ತಿಂದುಳಿದ ಗಿಣ್ಣದ ಚೂರನ್ನು ಪ್ರಯೋಗಾಲಯಕ್ಕೆ ತಂದು ಪರೀಕ್ಷಿಸಿದೆ. ಬೆಸುಗೆಯ ತುಂಡುಗಳು ಅದರಲ್ಲಿ ತುಂಬಿದ್ದವು. ವಿಜ್ಞಾನಿಗೆ ಜನ್ಮದಲ್ಲಿ ಒಮ್ಮೆ ಸಿಗುವ ಸಂತೋಷ ಅದು, ಮತ್ತು ನಾನು ಅನ್ನ ಬಿಟ್ಟು ಕೂತಿದ್ದೆ. ಗೊತ್ತಿರುವ ಒಬ್ಬಳ ಜೀವ ಒಂದು ಕಡೆ, ಗೊತ್ತಿಲ್ಲದ ಎಷ್ಟೋ ಜನರದು ಇನ್ನೊಂದು ಕಡೆ. ತಕ್ಕಡಿ ಹಿಡಿಯಲು ನನಗೆ ಕೈ ಬರಲಿಲ್ಲ, ನಿಜ ಹೇಳುತ್ತೇನೆ.

ಸೋಮವಾರ ಮಹಾನಂದಾಳ ಔಷಧದ ಸರದಿಯೂ ಇತ್ತು. ಸಮಿತಿಯವರು ಮಹಡಿಯ ಮೇಲೆ ಚಹಾ ಕುಡಿಯುತ್ತಿದ್ದರು. ಕೆಳಗೆ ಜುಬೇದಾ ಬಂದಿದ್ದಳು. ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಎಂದು ಆಕೆಗೆ ಯಾರೋ ಆಗಲೇ ಹೇಳಿದ್ದರು. ಮಹಾನಂದಾಳ ಪಕ್ಕದ ಕುರ್ಚಿಯಲ್ಲಿ ಕೂತು, "ನಿನ್ನ ನಸೀಬ ಛಲೋ ಐತಿ ನೋಡಕ್ಕಾ. ನಂದು ಇಷ್ಟ ಅಂತ ಕಾಣತೈತಿ," ಎಂದಳು. ಅಳಲಿಲ್ಲ. ಹಣೆಬರಹ ಒಪ್ಪಿಕೊಂಡವರ ಹಾಗೆ ಮೆಲ್ಲಗೆ ಹೇಳಿದಳು.

ನರ್ಸ್ ಸೂಜಿ ಹಿಡಿದು ನಿಂತಿದ್ದಳು. ಮಹಾನಂದಾ ಚಾಚಿದ್ದ ಕೈಯನ್ನು ಹಿಂದಕ್ಕೆ ತಗೊಂಡಳು. ಸೆರಗು ಸರಿಮಾಡಿಕೊಂಡು ಎದ್ದು ನನ್ನ ಹತ್ತಿರ ಬಂದು, "ಮೀಟಿಂಗ್ ಎಲ್ಲಿ ನಡದೈತ್ರಿ?" ಎಂದು ಕೇಳಿದಳು.

ಕದ ತಳ್ಳಿಕೊಂಡು ಒಳಗೆ ಬಂದ ರೋಗಿಯನ್ನು ನೋಡಿ ಕಟ್ಟಿಯವರು ಎದ್ದು ನಿಂತರು. "ಇವರನ್ನ ಯಾರು ಒಳಗ ಬಿಟ್ಟ್ರು?"

"ನಾನ ಬಂದೇನ್ರಿ. ನನಗ ಔಷಧ ಯಾಕ ಹತ್ತೇತಿ ಅಂತ ಹೇಳಿ ಹೋಗ್ತೀನಿ." ಗಿಣ್ಣದ ವಿಷಯವನ್ನು ಆಕೆ ಪೂರ್ತಿ ಹೇಳಿದಳು. ಈರಪ್ಪನ ಹೆಸರು ಹೇಳುವಾಗ ಮಾತ್ರ ತಡೆದು, "ಅಂವ ಬಂಗಾರದಂಥಾ ಮನಷ್ಯಾರಿ, ಅವನ್ನ ಏನೂ ಅನಬ್ಯಾಡ್ರಿ," ಎಂದು ಸೇರಿಸಿದಳು. ಬೆಸುಗೆಯ ಭಾಗವನ್ನು ಆಕೆಯ ಹಿಂದೆಯೇ ಬಂದಿದ್ದ ನಾನು ವಿವರಿಸಿದೆ. ಗಿಣ್ಣದ ಚೂರಿನ ಪರೀಕ್ಷೆಯ ಕಾಗದವನ್ನು ಮೇಜಿನ ಮೇಲಿಟ್ಟೆ.

ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು: "ಇದನ್ನ ಹೇಳಿದ್ರ ನಿಮಗ ಔಷಧ ನಿಲ್ಲತದ ಅಂತ ಗೊತ್ತದ ಏನ್ರಿ?"

"ಗೊತ್ತೈತ್ರಿ."

"ಮತ್ತ ಯಾಕ ಹೇಳಿದ್ರಿ?"

"ಬೆಂಚಿನ ಮ್ಯಾಲೆ ಕುಂತವರೆಲ್ಲಾ ಹೋಗಿ ನಾ ಒಬ್ಬಾಕೀನ ಉಳದ್ರ, ಯಾರ ಜೋಡಿ ಮಾತಾಡ್ಲಿ?"

ಪ್ರಯೋಗ ಮುಚ್ಚಲಿಲ್ಲ. ಓಣಿಯವರೆಲ್ಲರ ರಕ್ತ ತೆಗೆದೆವು. ಮುದುಕರು ಮಕ್ಕಳು ಸಾಲಾಗಿ ನಿಂತು ತೋಳು ಕೊಟ್ಟರು, ಚಹಾದ ಜೊತೆ ಬಿಸ್ಕೀಟು ಯಾಕಿಲ್ಲ ಎಂದು ಜಗಳ ತೆಗೆದರು. ಎಲ್ಲರ ರಕ್ತದಲ್ಲೂ ಜಗಳ ಬಿಡಿಸುವ ಕೋಶಗಳಿದ್ದವು. ಈರಪ್ಪನ ಮೇಲೆ ವಿಚಾರಣೆ ನಡೆದು, ಬೈಗುಳದೊಂದಿಗೆ ಮುಗಿಯಿತು. ಹೊಸ ಪ್ರಯೋಗದ ಯೋಜನೆ ಬರೆದೆವು: ಮೊದಲು ಬೆಸುಗೆಯ ತುಂಡನ್ನು ಬಾಯಿಂದ ಉಣ್ಣಿಸುವುದು, ರಕ್ತ ಪಾಠ ಕಲಿತ ಮೇಲೆ ಔಷಧ. ಕಾಗದದ ಮೇಲೆ ಅದಕ್ಕೆ ಉದ್ದನೆಯ ಹೆಸರಿತ್ತು. ನಾವು ನಮ್ಮಲ್ಲಿ ಗಿಣ್ಣ ಎಂದೇ ಕರೆಯುತ್ತಿದ್ದೆವು.

ಮಹಾನಂದಾಳನ್ನು ತಂಡದಿಂದ ತೆಗೆದರು. ಔಷಧ ಹಿಡಿಸಿದ ಒಬ್ಬಳೇ ರೋಗಿಗೆ ಔಷಧ ನಿಲ್ಲಿಸುವ ನಿಯಮ ಎಂಥದ್ದು ಎಂದು ನಾನು ಕೂಗಾಡಿದೆ. ಆಕೆಗೆ ಔಷಧ ಮತ್ತೆ ಕೊಡಿಸಲು ಕಟ್ಟಿಯವರೂ ನನ್ನ ಜೊತೆ ಊರೂರು ಅಲೆದರು, ಅದನ್ನು ಮರೆಯಬಾರದು. ವಿಶೇಷ ಅನುಮತಿ ಬಂತು, ಆದರೆ ತಡವಾಗಿ ಬಂತು. ಅಷ್ಟರಲ್ಲಿ ಗಡ್ಡೆ ಮತ್ತೆ ಬೆಳೆದಿತ್ತು, ಮತ್ತು ಬೆಳೆಯುವಾಗ ತನ್ನ ಮೈಮೇಲಿನ ಆ ಪ್ರೋಟೀನನ್ನು ಕಳಚಿಬಿಟ್ಟಿತ್ತು. ನಮ್ಮ ಪ್ರತಿಕಾಯ ಹೋಗಿ ಅಂಟಿಕೊಳ್ಳಲು ಅಲ್ಲಿ ಏನೂ ಉಳಿದಿರಲಿಲ್ಲ. ಎರಡು ಸುತ್ತು ಕೊಟ್ಟು ನೋಡಿ ನಿಲ್ಲಿಸಿದೆವು. ಕೀಮೋ ಚಿಕಿತ್ಸೆ ಆಕೆಗೆ ಮೊದಲೇ ಕೈಕೊಟ್ಟಿತ್ತು.

ಜುಬೇದಾ ಹೊಸ ತಂಡದಲ್ಲಿ ಮೊದಲನೆಯವಳು. ಮೂರನೆಯ ಸುತ್ತು ದಾಟಿತು, ನಾಲ್ಕನೆಯದೂ ದಾಟಿತು, ಮೈ ಔಷಧದ ಮೇಲೆ ಬೀಳಲಿಲ್ಲ. ಸ್ಕ್ಯಾನಿನಲ್ಲಿ ಗಡ್ಡೆ ಕಾಣದಾದ ದಿನ ನಾನು ಫಿಲ್ಮನ್ನು ಕೈಯಲ್ಲಿ ಹಿಡಿದು ನೇರವಾಗಿ ಆ ಓಣಿಗೆ ಹೋದೆ. ಬೇರೆಯವರ ಫಿಲ್ಮು ಹೊರಗೆ ಒಯ್ಯಬಾರದು, ಜುಬೇದಾಳನ್ನು ಕೇಳಿಯೇ ಒಯ್ದಿದ್ದೆ.

ಮೌನೇಶ ಕದ ತೆಗೆದು ಒಳಗೆ ಬಿಟ್ಟ. ಒಲೆ ಹಚ್ಚಿರಲಿಲ್ಲ. ಮಹಾನಂದಾ ಗೋಡೆಯ ಕಡೆಯ ಮಂಚದ ಮೇಲೆ ಮಲಗಿದ್ದಳು, ಕೈಗಳು ತೀರ ಸಣ್ಣಗಾಗಿದ್ದವು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಇಲ್ಲಿತ್ತು, ಈಗ ಇಲ್ಲ ಎಂದು ತೋರಿಸಿದೆ. ಆಕೆಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ.

ಆಕೆ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ಹೆಗಲು ಅಲುಗುತ್ತಿತ್ತು.

"ಹೊಟ್ಟಿಕಿಚ್ಚ ಆಗ್ತೈತ್ರಿ ಬಾಯಾರ," ಎಂದಳು. "ಸುಳ್ಳ ಯಾಕ ಹೇಳ್ಲಿ? ಬೆಂಕಿ ಬಿದ್ದಂಗ ಆಗ್ತೈತಿ. ನನ್ನ ಪಾಲಿಂದ ಆಕಿ ತಿಂದ್ಳು ಅಂತ ಅನಸ್ತೈತಿ."

ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಫಿಲ್ಮನ್ನು ಚೀಲಕ್ಕೆ ಹಾಕಿಕೊಂಡು ಕೂತೇ ಇದ್ದೆ. ಹೊರಗೆ ಯಾರದೋ ಮನೆಯಲ್ಲಿ ಒಗ್ಗರಣೆಯ ಸದ್ದಾಯಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಈ ಕಡೆ ತಿರುಗಿದಳು.

"ಈಗ ಅಂದದ್ದನ್ನ ಆಕಿ ಮುಂದ ಹೇಳಬ್ಯಾಡ್ರಿ," ಎಂದಳು. "ಅಕ್ಕ ಬಾ ಅಂದಾಳ ಅಂತ ಅಷ್ಟ ಹೇಳ್ರಿ. ಲಗೂನ ಬಾ ಅಂತ ಹೇಳ್ರಿ."

ಅಲ್ಲಿಂದ ಹೊರಟವಳು ಮನೆಗೆ ಹೋಗಲಿಲ್ಲ, ಹುಬ್ಬಳ್ಳಿಯ ಬಸ್ಸು ಹತ್ತಿದೆ. ಶಾಲೆ ಬಿಡುವ ಹೊತ್ತಾಗಿತ್ತು. ಜುಬೇದಾ ಮಕ್ಕಳನ್ನು ಸಾಲು ಹಿಡಿಸಿ ಗೇಟಿನ ಹೊರಗೆ ಬಿಡುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ, "ಅಕ್ಕ ಏನಂದ್ಲರಿ? ಖುಷಿ ಆತೇನ್ರಿ ಆಕಿಗೆ?" ಎಂದು ಕೇಳಿದಳು.

"ಲಗೂನ ಬಾ ಅಂದಾರ," ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹಾಗೇ ನನ್ನ ಜೊತೆ ಹೊರಟಳು.